ಮೆತ್ತೆಯ ವಯಸ್ಸು ಕೇಳಿದವರಿಗೆ

ಹಳೇ ಟ್ರ್ಯಾಕ್ಟರ್ ಎಳೆತದ ಸ್ಪರ್ಧೆಯಲ್ಲಿ ಯಾರು ಯಾವ ವರ್ಗಕ್ಕೆ ಎಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ಕಳೆದ ಸ್ಪರ್ಧೆಯಲ್ಲಿ ನೀವು ನಮ್ಮ ಅತ್ತೆಯವರ ಟ್ರ್ಯಾಕ್ಟರನ್ನು ಪುರಾತನ ವರ್ಗದಿಂದ ಹೊರಗೆ ಹಾಕಿದಿರಿ. ಕಾರಣ, ಸೀಟಿನ ಮೇಲೆ ಒಂದು ಮೆತ್ತೆ. ಅದನ್ನು ಹೊಲಿದವನು ನಾನು, ವೃತ್ತಿಯಲ್ಲಿ ದರ್ಜಿ, ಸಂಬಂಧದಲ್ಲಿ ಅಳಿಯ. ಹಾಗಾಗಿ ನಿಮ್ಮ ತೀರ್ಪಿನ ಶಿಕ್ಷೆಯನ್ನು ಮನೆಯಲ್ಲಿ ಅನುಭವಿಸುತ್ತಿರುವವನೂ ನಾನೇ.

ಗೊತ್ತಿಲ್ಲದ ಓದುಗರಿಗೆ ಹೇಳಿಬಿಡುತ್ತೇನೆ. ಭಾರ ಹೇರಿದ, ಚಕ್ರವಿಲ್ಲದ ಕಬ್ಬಿಣದ ಬಂಡಿಯನ್ನು ಮಣ್ಣಿನ ಅಖಾಡದಲ್ಲಿ ಯಾರು ಹೆಚ್ಚು ದೂರ ಎಳೆಯುತ್ತಾರೋ ಅವರು ಗೆದ್ದಂತೆ. ಮುದಿ ಯಂತ್ರ ಮುದಿ ಯಂತ್ರದ ಜೊತೆಗೇ ಸೆಣಸಲಿ ಎಂದು ಪುರಾತನ ವರ್ಗ. ಹೊಸ ಬಿಡಿಭಾಗ ತುಂಬಿಸಿಕೊಂಡ ರಾಕ್ಷಸರಿಗೆ ಮಾರ್ಪಾಡು ವರ್ಗ. ನಿಯಮ ಒಳ್ಳೆಯದೇ, ಅದನ್ನು ಜಾರಿಗೆ ತರುವವರಿಗೂ ಕಣ್ಣಿರಬೇಕಿತ್ತು.

ಅತ್ತೆಗೆ ಎಪ್ಪತ್ತು ದಾಟಿದೆ, ಟ್ರ್ಯಾಕ್ಟರಿಗೂ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಇಬ್ಬರೂ ಕೆಮ್ಮಿಯೇ ಶುರುವಾಗುವುದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅತ್ತೆ ಅದರ ಒಂದು ನಟ್ಟನ್ನೂ ಬದಲಿಸಿಲ್ಲ. ಬದಲಾದದ್ದು ಅವರ ಬೆನ್ನು ಮಾತ್ರ. ಆ ತಗಡಿನ ಸೀಟಿನಲ್ಲಿ ಕೂತು ಇಳಿದರೆ ಮಾರನೇ ದಿನ ನೆಟ್ಟಗೆ ನಿಲ್ಲಲಾರರು. ಅದಕ್ಕೇ ಹತ್ತಿ ತುಂಬಿ, ಗಟ್ಟಿ ಬಟ್ಟೆ ಹಾಕಿ ಮೆತ್ತೆ ಹೊಲಿದೆ. ಅದರಿಂದ ಎಂಜಿನ್ನಿಗೆ ಎಷ್ಟು ಅಶ್ವಶಕ್ತಿ ಹೆಚ್ಚಿತೆಂದು ದಯವಿಟ್ಟು ತಿಳಿಸಿ. ಅಂಗಡಿಯ ಬೋರ್ಡು ಬದಲಿಸುತ್ತೇನೆ.

"ಸ್ವಾಮಿ, ಮೆತ್ತೆ ಇರೋದು ಟ್ರ್ಯಾಕ್ಟರಿಗಲ್ಲ, ನನಗೆ" ಎಂದರು ಅತ್ತೆ.

"ಸೀಟಿನ ಮೇಲಿರೋದೆಲ್ಲ ಟ್ರ್ಯಾಕ್ಟರಿನ ಭಾಗ, ಅಮ್ಮಾ" ಎಂದಿರಿ ನೀವು.

"ಹಾಗಾದ್ರೆ ನಾನೂ ಭಾಗಾನೇ. ನನ್ನನ್ನೂ ಬಿಚ್ಚಿಡ್ತೀರಾ?"

ನೀವು ಉತ್ತರಕ್ಕೆ ಬದಲು ಸೀಟಿ ಊದಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಅಲ್ಲವೇ? ನೋವು ಅತ್ತೆಯ ಬೆನ್ನಿಗೆ, ಶಿಕ್ಷೆ ಟ್ರ್ಯಾಕ್ಟರಿಗೆ. ಮಾರ್ಪಾಡು ವರ್ಗದ ರಾಕ್ಷಸರ ನಡುವೆ ನಿಂತ ಅದು ಬಂಡಿಯನ್ನು ಒಂದು ಮಾರು ಎಳೆದು, ನಿಟ್ಟುಸಿರು ಬಿಟ್ಟು ನಿಂತಿತು.

ಅತ್ತ ಪುರಾತನ ವರ್ಗದಲ್ಲಿ ಗೆದ್ದವನು ವೆಲ್ಡಿಂಗ್ ಅಂಗಡಿಯವನು. ಅವನ ಎಂಜಿನ್ ಹೊಸದು, ಗೇರ್‌ಬಾಕ್ಸ್ ಹೊಸದು, ಟೈರಿನ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಹಳೆಯದೆಂದರೆ ತಯಾರಾದ ವರ್ಷ ಕೆತ್ತಿದ ತಗಡಿನ ಪಟ್ಟಿ ಒಂದೇ. ನೀವು ಬಗ್ಗಿ ಅದನ್ನು ಓದಿ, ತಲೆಯಾಡಿಸಿ, ಕಪ್ ಕೊಟ್ಟು ಕೈಕುಲುಕಿದಿರಿ. ನಾಳೆ ನಾನು ಆ ಪಟ್ಟಿಯನ್ನು ನನ್ನ ಹೊಲಿಗೆ ಯಂತ್ರಕ್ಕೆ ಬಡಿದು ತಂದರೆ ಅದನ್ನೂ ಅಖಾಡಕ್ಕೆ ಬಿಡುತ್ತೀರಾ?

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾನ ಹೋದದ್ದು ಮೆತ್ತೆಗೆ. ಅಂದಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ಊಟಕ್ಕೆ ಕೂತಾಗ "ನಿನ್ನ ಗಂಡನಿಗೆ ಉಪ್ಪು ಈ ಕಡೆ ತಳ್ಳೋಕೆ ಹೇಳೇ" ಎಂದು ಮಗಳಿಗೆ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಇರುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ತುಂಬಾ ಬೇಸರವಾಗಿದೆ.

ಇವತ್ತು ಬೆಳಿಗ್ಗೆ ಅವರು ನಿಮ್ಮ ನಿಯಮಗಳನ್ನು ಮತ್ತೆ ಓದಿದರು. ಚಾಲಕರ ಬಟ್ಟೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲವಂತೆ. ನೇರವಾಗಿ ಅಂಗಡಿಗೆ ಬಂದು, ಸ್ಪರ್ಧೆಯ ನಂತರ ಮೊದಲ ಸಲ ನನ್ನ ಜೊತೆ ಮಾತಾಡಿದರು.

"ಅಳಿಯಂದಿರೇ, ಆ ಮೆತ್ತೇನ ನನ್ನ ಪ್ಯಾಂಟಿನ ಹಿಂದಕ್ಕೇ ಸೇರಿಸಿ ಹೊಲಿದುಬಿಡಿ. ಟೇಪು ತಗೊಳ್ಳಿ."

ಅಳತೆಯನ್ನು ನಿಮ್ಮ ಮಗಳೇ ತೆಗೆಯಲಿ ಅಂದೆ. "ಅವಳ ಅಳತೆ ನಂಬೋಕಾಗಲ್ಲ" ಅಂದರು. ನನ್ನ ಹೆಂಡತಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಒಳಗೆ ಓಡಿದಳು.

ಮಾನ್ಯರೇ, ಪಟ್ಟಿ ಬಿಟ್ಟು ಎಂಜಿನ್ ನೋಡಿ. ಮೆತ್ತೆಯನ್ನು ಬೆನ್ನಿನ ಲೆಕ್ಕಕ್ಕೆ ಬಿಡಿ. ಅತ್ತೆಯನ್ನು ಸರೀಕರ ಜೊತೆ ಒಮ್ಮೆ ಎಳೆಯಲು ಬಿಡಿ, ಸೋತರೂ ಅವರು ದೂರುವವರಲ್ಲ. ಉತ್ತರ ಮಾತ್ರ ಬೇಗ ಕೊಡಿ. ಅತ್ತೆ ಬೆನ್ನು ತಿರುಗಿಸಿ ನಿಂತಿದ್ದಾರೆ.

ಇಂತಿ,
ಕೈಯಲ್ಲಿ ಟೇಪು ಹಿಡಿದು ಕಣ್ಣು ಮುಚ್ಚಿಕೊಂಡಿರುವ
ಒಬ್ಬ ಅಳಿಯ