ಎರಡನೇ ಗೆರೆ

ಮಾರ್ಚ್ 4, ಸೋಮವಾರ
ಬೆಳಿಗ್ಗೆಯೇ ಮೂರು ಸೆಷನ್. ಸೈಕಾಲಜಿ ಡಿಪಾರ್ಟ್‌ಮೆಂಟಿಗೆ ಟೈಪಿಸ್ಟ್ ಆಗಿ ಸೇರಿದವಳು, ಈಗ ಸುಳ್ಳು ಹೇಳುವ ಕೆಲಸವೂ ನನ್ನದೇ. ಕಾರ್ಡಿನ ಮೇಲೆ ಮೂರು ಗೆರೆ. ಉದ್ದದ್ದು ಯಾವುದು? ಮೂರನೆಯದು, ಮಗು ಕೂಡ ಹೇಳೀತು. ಸ್ಟಾಫ್ ಐವರೂ ಒಬ್ಬರಾದ ಮೇಲೊಬ್ಬರು "ಎರಡನೇದು" ಅನ್ನಬೇಕು. ಕೊನೆಯ ಕುರ್ಚಿಯವರು ಮಾತ್ರ ಹೊರಗಿನವರು, ಪಾಪ, ನಮ್ಮನ್ನೂ ತಮ್ಮ ಹಾಗೇ ಬಂದವರೆಂದುಕೊಂಡಿರುತ್ತಾರೆ. ಅವರೂ ನಮ್ಮ ಹಾಗೇ ಅನ್ನುತ್ತಾರಾ ಎಂದು ನೋಡುವುದೇ ನಮ್ಮ ಪ್ರೊಫೆಸರ್ ಮೇಡಂ ಪ್ರಯೋಗ.

ಇವತ್ತು ಅಲ್ಲಿ ನಮ್ಮ ಬೀದಿಯ ಟೈಲರ್ ಅಂಕಲ್. ಮೂವತ್ತು ವರ್ಷ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸಿದವರು. ಕನ್ನಡಕ ಒರೆಸಿಕೊಂಡರು. "ಎರಡನೇದೇ... ಇರ್ಬೇಕು." ನಗು ತಡೆದುಕೊಂಡೆ.

ನಿಜ ಹೇಳುವುದು ಯಾವಾಗ ಎಂದರೆ ಮೇಡಂ, "ಎಲ್ಲಾ ಮುಗೀಲಿ. ಈಗ್ಲೇ ಹೇಳಿದ್ರೆ ಬಾಯಿಂದ ಬಾಯಿಗೆ ಹರಡುತ್ತೆ," ಅಂದರು. ಮುಗಿಯುವುದು ಜೂನ್‌ಗೆ.

ಮಾರ್ಚ್ 23, ಶನಿವಾರ
ಅಕ್ಕನ ಕೋಟ್‌ಗೆ ಬಟ್ಟೆ ಕೊಡಲು ಹೋದೆ. ಅಳತೆಗೆ ಒಯ್ದಿದ್ದ ಹಳೇ ಕೋಟಿನ ಒಂದೇ ತೋಳನ್ನು ಅಂಕಲ್ ನಾಲ್ಕು ಸಲ ಅಳೆದರು. ಕತ್ತರಿ ಹಿಡಿಯಲಿಲ್ಲ.
"ಬೇರೆ ಕಡೆ ಕೊಡಮ್ಮ. ಕಣ್ಣು ಕೈಕೊಟ್ಟಿದೆ. ಅವತ್ತು ನೀನೂ ಇದ್ಯಲ್ಲ... ನಿಮಗೆಲ್ಲ ಕಂಡಿದ್ದು ನನಗೊಬ್ಬನಿಗೆ ಕಾಣಲಿಲ್ಲ. ಬರೋ ತಿಂಗಳಿಂದ ಅಂಗಡಿ ಅಳಿಯನಿಗೆ."
ಬಟ್ಟೆ ಎತ್ತಿಕೊಂಡು ಬಂದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಮಾರ್ಚ್ 24, ಬೆಳಿಗ್ಗೆ 7
ಹೇಳಿದರೆ ಕೆಲಸ ಹೋಗಬಹುದು. ಹೋಗಲಿ.

11 ಗಂಟೆ
ಹೇಳಿಬಿಟ್ಟೆ. ನಿಂತಲ್ಲೇ, ಒಂದೇ ಉಸಿರಿಗೆ. "ಮೂರನೇದೇ ಉದ್ದ, ಅಂಕಲ್. ನಾವೆಲ್ಲ ಬೇಕಂತ್ಲೇ ಸುಳ್ಳು ಹೇಳಿದ್ವಿ."
"ಅಂದ್ರೆ... ನಂಗೆ ಕಂಡಿದ್ದು ಸರಿ?"
"ಸರಿ."
ಮುಖ ಮುಚ್ಚಿಕೊಂಡು ಅತ್ತರು. "ಸುಳ್ಳು ಹೇಳಿದ್ದಕ್ಕಲ್ಲಮ್ಮ. ನಿಜ ಹೇಳ್ದೆ ಹಾಗೇ ಮನೆಗೆ ಕಳಿಸಿಬಿಟ್ರಲ್ಲ, ಅದಕ್ಕೆ." ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ಕೂರಿಸಿ ನೀರು ಕೊಟ್ಟರು. ಹೊರಡುವಾಗ, "ಅಳಿಯ ಇನ್ನೂ ಹತ್ತು ವರ್ಷ ಕಾಯ್ಲಿ ಬಿಡು," ಅಂದರು. ಈ ಮನುಷ್ಯನ ಋಣ ಹೇಗೆ ತೀರಿಸುವುದೋ!

ಮಾರ್ಚ್ 25
ಉಗಿಸಿಕೊಳ್ಳಲು ತಯಾರಾಗಿಯೇ ಮೇಡಂಗೆ ತಿಳಿಸಿದೆ. ಪೆನ್ ಕೆಳಗಿಟ್ಟರು. "ತಪ್ಪು ನಂದು. ಇನ್ನೂ ಎಷ್ಟು ಜನಕ್ಕೆ ಹೇಳ್ಬೇಕು?"
"ಹತ್ತೊಂಬತ್ತು."
ಪ್ರಯೋಗ ನಿಲ್ಲಿಸಿದರು. ಎರಡು ವರ್ಷದ ದುಡಿಮೆ! ಇಂಥವರ ಕೈಕೆಳಗಿರುವುದು ನನ್ನ ಪುಣ್ಯ.

ಏಪ್ರಿಲ್ 9, ಮಂಗಳವಾರ
ಎಲ್ಲರನ್ನೂ ಅದೇ ರೂಮಿಗೆ ಕರೆಸಿದ್ದೆವು. ಅಂಕಲ್ ಕೂಡ ಬಂದಿದ್ದರು. ಮೇಡಂ ನಿಜ ಹೇಳಿ ಕ್ಷಮೆ ಕೇಳಿದರು, ನಾನೂ ಕೇಳಿದೆ. ಬಸ್ ಡ್ರೈವರಮ್ಮ ಎದ್ದರು. "ಅವತ್ತೂ ಇದೇ ಮುಖ ಇಟ್ಕೊಂಡು ಹೇಳಿದ್ರಿ. ಈಗ ಹೇಳ್ತಿರೋದು ನಿಜ ಅಂತ ಏನು ಗ್ಯಾರಂಟಿ? ನಾನಂತೂ ನಂಬಲ್ಲ."
ಪಕ್ಕದ ನರ್ಸ್, "ನಾನೂ ನಂಬಲ್ಲ." ಆಮೇಲೆ ಪ್ಲಂಬರ್. ಆಮೇಲೆ ಹಿಂದಿನ ಸಾಲು ಪೂರ್ತಿ. ತಲೆ ಎತ್ತಲಾಗಲಿಲ್ಲ.
ಕೊನೆಗೆ ಟೈಲರ್ ಅಂಕಲ್ ಎದ್ದರು. ಸುತ್ತ ಒಮ್ಮೆ ನೋಡಿದರು.
"ನಾನು ನಂಬ್ತೀನಿ."
ಅಷ್ಟೂ ಜನ ಒಂದೇ ಮಾತು ಹೇಳಿದ ಮೇಲೂ, ಈ ಸಲ ತಮಗೆ ಕಂಡಿದ್ದನ್ನೇ ಹೇಳಿದರು; ಆಗ ನನಗೆ ತಲೆ ಎತ್ತುವ ಧೈರ್ಯ ಬಂತು.