ದಾರಿಹಾಳೆಗೆ ಇನ್ನೊಂದು ಸಾಲು

ಮುಂಡರಗಿ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಅರವತ್ತೊಂದು

ಹಿರಿಯಜ್ಜಿ ಸುಮಂಗಲಾ ಅವರಿಗೆ ನೀಲಗಂಗವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನೀವು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಕಾಗದ ಮುಟ್ಟುವ ಹೊತ್ತಿಗೆ ನಿಮಗೆ ಮೂವತ್ತೈದು, ಬರೆಯುತ್ತಿರುವ ನನಗೆ ಎಪ್ಪತ್ತು. ಯಾರು ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ನಾನೇ ಮೊದಲು ಮುಗಿದಿದ್ದೇನೆ. ನನ್ನ ಓದು ಹೈಸ್ಕೂಲಿಗೆ ಮುಗಿಯಿತು. ಗುರುತಿಲ್ಲದ ಪದ ಬಂದರೆ ಮನ್ನಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಮ್ಮದು ಗಾಳಿಯಂತ್ರದ ರೆಕ್ಕೆ ದುರಸ್ತಿ ಮಾಡುವ ಕಂಪನಿ. ಕಪ್ಪತಗುಡ್ಡದ ಸಾಲಿನಲ್ಲಿ ನಿಂತಿರುವ ಈಗಿನ ಯಂತ್ರಗಳ ಒಂದೊಂದು ರೆಕ್ಕೆ ಒಂದು ಬೀದಿಯಷ್ಟು ಉದ್ದ. ನಮ್ಮವರು ಹಗ್ಗ ಕಟ್ಟಿಕೊಂಡು ಅದರ ಮೇಲೆ ಇಳಿದು ಬಿರುಕು ತುಂಬುತ್ತಾರೆ. ಪ್ರತಿ ಕೆಲಸಕ್ಕೂ ಯಂತ್ರದ ಮಾಲೀಕರ ಜೊತೆ ಒಂದು ಕರಾರು, ಪ್ರತಿ ಕರಾರಿಗೂ ಒಂದು ದಾರಿಹಾಳೆ. ಆ ಹೆಸರು ನಾವು ಇಟ್ಟದ್ದು, ಹಾಳೆಯ ಮಾದರಿ ಮಾತ್ರ ನಿಮ್ಮದು. ಹುಬ್ಬಳ್ಳಿಯ ನಿಮ್ಮ ಆಫೀಸಿನಲ್ಲಿ ಮಾರಾಟದವರು, ಸಾಗಾಟದವರು ಕಾನೂನು ವಿಭಾಗದ ಕಾಗದಗಳನ್ನು ಓದದೆಯೇ ಸಹಿ ಹಾಕುತ್ತಾರೆಂದು ಬೇಸತ್ತು ನೀವು ಗೀಚಿದ ಹಾಳೆ. ಇಪ್ಪತ್ತು ಪುಟವನ್ನು ಒಂದಕ್ಕೆ ಇಳಿಸಿದಿರಿ. ಯಾರು ಏನು ಮಾಡಬೇಕು, ಯಾವಾಗ ನಿಲ್ಲಿಸಬಹುದು, ಯಾರಿಗೆ ತಿಳಿಸಬೇಕು ಎಂಬುದನ್ನು ಊರಿನ ನಕ್ಷೆಯಂತೆ ಬಾಣ ಹಾಕಿ ತೋರಿಸಿದಿರಿ. ಕೆಳಗೆ ಒಂದು ನಿಯಮ ಬರೆದಿರಿ: ಸಹಿಗೆ ಮೊದಲು ಕೆಲಸ ಮಾಡುವವರು ಇದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು, ಬರೆದವರು ವಿವರಣೆ ಕೊಡಬಾರದು, ಕೊಡಬೇಕಾಗಿ ಬಂದರೆ ಹಾಳೆಯೇ ತಪ್ಪು.

ಇದಕ್ಕೆ ನಾವು ಮರಳಿಕೆ ಎನ್ನುತ್ತೇವೆ. ಅದಕ್ಕೆಂದೇ ಕೋಣೆಯಿದೆ. ಮೂವತ್ತೊಂದು ವರ್ಷ ಆ ಕೋಣೆಯಲ್ಲಿ ಎತ್ತರದ ಕುರ್ಚಿಯ ಮೇಲೆ ಯಜಮಾನಿಯಾಗಿ ನಾನೇ ಕುಳಿತಿದ್ದೆ. ನಿಮ್ಮ ಮಾದರಿಯ ಒಂದು ಚುಕ್ಕೆಯೂ ಬದಲಾಗಬಾರದೆಂದು ಎಲ್ಲರಿಗೂ ಕಲಿಸಿದವಳು ನಾನು. ಆದರೆ ಯಾರಾದರೂ ತಡವರಿಸಿದರೆ ನನಗೆ ತಾಳ್ಮೆ ಇರುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಹಗ್ಗದ ಕೆಲಸಕ್ಕೆ ಹೊರಟಿದ್ದ ನನ್ನ ತಂಗಿ ಶಿವಕ್ಕ ಹಾಳೆ ಮರಳಿ ಹೇಳುತ್ತಾ ನಡುವೆ ತಡೆದಾಗ ನಾನೇ ಹೇಳಿಬಿಟ್ಟೆ: “ಗಾಳಿ ಜೋರಾದ್ರ ಯಂತ್ರದವರಿಗೆ ತಿಳಿಸಿ ಇಳಿಯೂದು. ಅಷ್ಟ ಅಲ್ಲೇನು? ಮುಂದ ನಡಿ.” ಎಲ್ಲರೂ ತಲೆಯಾಡಿಸಿದರು. ಉತ್ತರಕ್ಕೆ ಕಾಯಬೇಕಾಗಿಲ್ಲ ಎಂಬ ಮಾತು ಹಾಳೆಯ ಮೂಲೆಯಲ್ಲಿತ್ತು, ಅವಳು ಅಲ್ಲಿಗೆ ಮುಟ್ಟಿರಲೇ ಇಲ್ಲ. ಬಿರುಗಾಳಿಯಲ್ಲಿ ಅನುಮತಿ ಬರಲೆಂದು ಎರಡು ತಾಸು ಹಗ್ಗದಲ್ಲಿ ಕಾದಳು. ರೆಕ್ಕೆ ಬಡಿದು ಭುಜ ಮುರಿಯಿತು. ಅಂದಿನಿಂದ ಅವಳ ಬಲಗೈ ತಲೆಯ ತನಕ ಏಳುವುದಿಲ್ಲ. ದಿನಾ ಬೆಳಿಗ್ಗೆ ಅವಳಿಗೆ ಜಡೆ ಹಾಕುವವಳು ನಾನು. ಒಂದು ದಿನವೂ ಅವಳು ನನ್ನನ್ನು ಬೈದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ಹಾಳೆ ಬರೆಯುವವಳು ಮೊಮ್ಮಗಳು ಚಿನ್ಮಯಿ. ನಾಳೆ ಹೊಸ ಗುಡ್ಡದಲ್ಲಿ ಕೆಲಸ. ಹತ್ತುವವರು ಹಳಬ ಫಕ್ಕೀರಪ್ಪ, ಮತ್ತು ಮೊದಲ ಸಲ ಹೊರಟಿರುವ ಹುಸೇನಬಿ. ಇವತ್ತು ಮುಂಜಾನೆ ಚಿನ್ಮಯಿ ನನ್ನ ಕುರ್ಚಿಯನ್ನು ಹೊರಗೆ ತಂದಿಟ್ಟಳು. “ಆಯಿ, ನೀ ಇಲ್ಲೇ ಕುಂದ್ರು. ನೀ ಒಳಗಿದ್ರ ಎಲ್ಲಾರೂ ತಿಳೀತು ಅಂತಾರ.” ಇನ್ನೊಬ್ಬರು ಹೀಗೆ ಹೇಳಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಶಿವಕ್ಕ ಅಲ್ಲೇ ನಿಂತಿದ್ದಳು. ಕುಳಿತೆ. ಕುಳಿತೇ ಇದನ್ನು ಬರೆಯುತ್ತಿದ್ದೇನೆ.

ಬಾಗಿಲ ಸಂದಿಯಿಂದ ಮಾತು ಕೇಳಿಸುತ್ತಿದೆ.

“ಗಾಳಿ ಜೋರಾದ್ರ ಇಳಿಯೂದು. ತಿಳೀತವಾ, ಸಹಿ ಹಾಕ್ತೀನಿ ತಾ,” ಎಂದ ಫಕ್ಕೀರಪ್ಪ.

“ಕಾಕಾ, ಮೊದ್ಲ ಹಾಳಿ ಸೀದಾ ಹಿಡೀರಿ,” ಎಂದಳು ಹುಸೇನಬಿ. ನಗು ಎದ್ದಿತು. “ಇಳಿಯೂದು ಖರೆ. ಇಳೀರಿ ಅಂತ ಹೇಳಾವ್ರು ಯಾರು? ಒಂದು ಬಾಣ ನಿಮ್ಮ ಕಡೆ ಐತಿ, ಒಂದು ಯಂತ್ರದವರ ಕಡೆ.”

“ನಿನಗ ಹೆಂಗ ಕಾಣ್ತದ?” ಚಿನ್ಮಯಿ ಕೇಳಿದಳು.

ನನಗೆ ಉತ್ತರ ಗೊತ್ತಿತ್ತು: ತೀರ್ಮಾನ ಹಗ್ಗದಲ್ಲಿರುವವರದೇ, ಯಂತ್ರದವರಿಗೆ ತಿಳಿಸಿದರೆ ಸಾಕು. ಎದ್ದು ಚಿಲಕದ ಮೇಲೆ ಕೈಯಿಟ್ಟಿದ್ದೆ.

“ನನಗ ತಿಳಿವಲ್ದು ಅಕ್ಕಾ,” ಎಂದಳು ಹುಸೇನಬಿ.

ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ಆಡದ ಮಾತು. ಚಿನ್ಮಯಿ ವಿವರಿಸಲಿಲ್ಲ. “ಹಂಗಾದ್ರ ತಪ್ಪು ನಂದು. ಬ್ಯಾರೆ ಬರಕೊಂಡು ಬರ್ತೀನಿ. ನಾಳೆ ಯಾರೂ ಹತ್ತೂದು ಬ್ಯಾಡ,” ಎಂದಳು. ನಾನು ಚಿಲಕ ಬಿಟ್ಟು ಬಂದು ಕುಳಿತೆ.

ಹಿರಿಯಜ್ಜಿ, ಒಂದು ಬೇಡಿಕೆ. ನಿಮ್ಮ ಹಾಳೆ ಇನ್ನೂ ಮೇಜಿನ ಮೇಲೆಯೇ ಇರಬಹುದು. ಮಕ್ಕಳ ಪುಸ್ತಕದಂತಿದೆಯೆಂದು ನಿಮ್ಮ ಮೇಲಿನವರು ನಕ್ಕಿದ್ದಾರೆಂದು ಕೇಳಿದ್ದೇನೆ. ನಗಲಿ ಬಿಡಿ. ನೀವು ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಮರಳಿ ಹೇಳುವಾಗ ಯಜಮಾನರು ಕೋಣೆಯಲ್ಲಿ ಇರಬಾರದು. ನಿಮ್ಮ ಕೈಯ ಬರಹವಾದರೆ ನನ್ನಂಥವಳೂ ಕೇಳುತ್ತಾಳೆ.

ಬಾಗಿಲು ತೆರೆಯಿತು. ಹುಸೇನಬಿ ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತಿದ್ದಾಳೆ, ಬೈಗುಳಕ್ಕೆ ಕಾಯುತ್ತಿರುವಂತೆ. ಅವಳಿಗೆ ಭೇಷ್ ಅನ್ನಬೇಕು. ಯಾರಿಗೂ ಹಾಗೆ ಹೇಳಿ ನನಗೆ ರೂಢಿಯಿಲ್ಲ. ಕಾಗದ ಇಲ್ಲಿಗೆ ನಿಲ್ಲಿಸಿ, ಹೇಳಿ ನೋಡುತ್ತೇನೆ.

ನಿಮ್ಮ
ನೀಲಗಂಗವ್ವ