ನಡುವಿನ ನಕ್ಷತ್ರ

ಹಳೆಯ ಕೈರೋ, ಬಡಗಿಗಳ ಓಣಿ

ಅಣ್ಣಾ,

ಕಾಗದದ ಹೊರಗೆ ನಿನ್ನ ಮುಸ್ಲಿಂ ಹೆಸರನ್ನೇ ಬರೆದಿದ್ದೇನೆ. ಒಳಗೆ ನೀನು ನನಗೆ ಅಣ್ಣನೇ.

ಅಪ್ಪ ಹೋಗಿಬಿಟ್ಟರು. ನೀನು ಮತ ಬದಲಿಸಿದ ಮೇಲೆ ಅವರು ಮನೆಯಲ್ಲಿ ನಿನ್ನ ಹೆಸರೆತ್ತಲು ಬಿಡಲಿಲ್ಲ, ಅದು ನಿನಗೂ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನಿಮ್ಮ ಮಸೀದಿಯಲ್ಲಿ ಇಮಾಮರು ನಿಂತು ಮಾತಾಡುವ ಮರದ ಪೀಠ ನಿನ್ನ ಕೈಯದೆಂದು ಕೇಳಿದ ದಿನ, ಮೀನು ತರೋಣವೆಂದು ನನ್ನನ್ನು ಕರೆದುಕೊಂಡು ನೇರ ಅಲ್ಲಿಗೇ ಹೋದರು. ಬಾಗಿಲಾಚೆಯೇ ನಿಂತು ಕತ್ತು ಚಾಚಿ ನೋಡಿದರು.

"ಕಳ್ಳ ನನ್ಮಗ! ಒಂದು ಮೊಳೆ ಇಲ್ಲ, ಒಂದು ತೊಟ್ಟು ಅಂಟಿಲ್ಲ. ಮರಕ್ಕೆ ಉಸಿರಾಡೋಕೆ ಎಷ್ಟು ಜಾಗ ಬಿಟ್ಟಿದ್ದಾನೆ ನೋಡೇ!"

"ಒಳಗೇ ಇದ್ದಾನಂತೆ. ಹೋಗಿ ಅವನಿಗೇ ಹೇಳಿ ಅಪ್ಪಾ."

"ಮೀನು ಕೆಟ್ಟುಹೋಗುತ್ತೆ, ನಡಿ ನಡಿ" ಎಂದು ತಿರುಗಿಬಿಟ್ಟರು.

ಬುಟ್ಟಿಯಲ್ಲಿ ಇನ್ನೂ ಮೀನೇ ಇರಲಿಲ್ಲ.

ನಮ್ಮ ಚರ್ಚಿನ ಗರ್ಭಗುಡಿಯ ಮರದ ಪರದೆಯನ್ನು ಅಪ್ಪ ಮುಗಿಸಿದ್ದಾರೆ, ನಡುವಿನ ನಕ್ಷತ್ರವೊಂದನ್ನು ಬಿಟ್ಟು. "ಅದಕ್ಕೆ ಬೇರೆ ಕೈ ಇದೆ" ಎನ್ನುತ್ತಿದ್ದರು; ಯಾರನ್ನೂ ಮುಟ್ಟಗೊಡಲಿಲ್ಲ. ಅಪ್ಪನ ನಲವತ್ತನೆಯ ದಿನದ ಪ್ರಾರ್ಥನೆಗೆ ಮುಂಚೆ ಅದನ್ನು ಕೆತ್ತಿಕೊಡು. ಅಳತೆಯ ದಾರ ಇದರೊಂದಿಗಿದೆ. ಅಳತೆಗಿಂತ ಕೂದಲೆಳೆಯಷ್ಟು ಚಿಕ್ಕದಿರಲಿ, ನದಿ ಉಕ್ಕುವ ಕಾಲಕ್ಕೆ ಮರ ಉಬ್ಬುತ್ತದೆ.

ಯಾರ ಕೈಯಲ್ಲಾದರೂ ಕಳಿಸಬಹುದು. ನೀನೇ ತಂದರೆ ಒಳಗೆ ಬರಲೇಬೇಕೆಂದಿಲ್ಲ, ಬಾಗಿಲಿಂದ ಕತ್ತು ಚಾಚಿದರೂ ಪರದೆ ಕಾಣುತ್ತದೆ. ಎಲ್ಲಿಗೆ ಹೊರಟೆ ಎಂದು ಮನೆಯಲ್ಲಿ ಕೇಳಿದರೆ, ಮೀನು ತರೋಕೆ ಎನ್ನು.

ನಿನ್ನ ತಂಗಿ,
ದಮ್ಯಾನಾ